ಐದು ನಕ್ಷತ್ರ ಕೊಟ್ಟವರಿಗೆ ಏನು ಕಂಡಿತ್ತು?

ಡಿಸ್‌ಚಾರ್ಜ್ ದಿನ ಬಿಲ್ಲು, ಔಷಧಿ ಚೀಟಿ, ಸ್ಕ್ಯಾನಿಂಗ್ ಕವರುಗಳ ಜೊತೆಗೆ ಒಂದು ಫೀಡ್‌ಬ್ಯಾಕ್ ಫಾರಂ ಕೂಡ ಕೈಗೆ ಬರುತ್ತದೆ. ಒಂದರಿಂದ ಐದರವರೆಗೆ ನಕ್ಷತ್ರ, ಇಲ್ಲವೇ ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರ. ಮೂರು ದಿನ ಡ್ರಿಪ್ ಬದಲಾಯಿಸಿದ ಸಿಸ್ಟರ್ ಪಕ್ಕದಲ್ಲೇ ನಿಂತಿರುತ್ತಾರೆ. ರೋಗಿ ವೀಲ್‌ಚೇರಿನಲ್ಲಿದ್ದಾರೆ, ಫಾರಂ ತುಂಬುತ್ತಿರುವುದು ಮಗನೋ ಅಳಿಯನೋ. ಅವರ ಗಮನವೆಲ್ಲ ಕೆಳಗೆ ಕಾಯುತ್ತಿರುವ ಆಟೊ ಕಡೆಗೆ. ಎಲ್ಲ ಸಾಲಿಗೂ ಐದು ಗೀಚಿ ಕೊಡುತ್ತಾರೆ. ಇಂಥ ಫಾರಂಗಳ ಸರಾಸರಿ 4.7 ಆಯಿತೆಂದು ತಿಂಗಳ ಕೊನೆಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಹಾಕುತ್ತಾರೆ.

ಆ 4.7ಕ್ಕೆ ಗೊತ್ತಾಗದೆ ಹೋದ ಸಂಗತಿಗಳಿಂದಲೇ ಶುರುಮಾಡೋಣ. ಆಪರೇಷನ್ನಿಗೆ ಮುಂಚೆ ಕೊಡುವ ಆಂಟಿಬಯಾಟಿಕ್, ಸಾಮಾನ್ಯವಾಗಿ ಸೆಫಾಜೋಲಿನ್, ಚರ್ಮ ಕೊಯ್ಯುವುದಕ್ಕೆ ಮೊದಲ 60 ನಿಮಿಷದೊಳಗೆ ಹೋಗಿರಬೇಕು. ಅದು ಹಿಂದುಮುಂದಾದರೆ ಗಾಯ ಕೀವಾಗುವ ಸಂಭವ ಹೆಚ್ಚು. ಹೋಯಿತೋ ಇಲ್ಲವೋ ರೋಗಿಗೆ ತಿಳಿಯುವ ದಾರಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸರ್ಜರಿ ಚೆಕ್‌ಲಿಸ್ಟ್ ಕತೆಯೂ ಇಷ್ಟೆ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ 2007–08ರಲ್ಲಿ ಅದನ್ನು ಜಾರಿಗೆ ತಂದು ನೋಡಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ, ತೊಡಕುಗಳು 11ರಿಂದ 7ಕ್ಕೆ ಇಳಿದವು. ಹೆಸರೇನು, ಯಾವ ಕಡೆಯ ಆಪರೇಷನ್ ಎಂದು ಕೇಳುವ ಮೊದಲ ಹಂತ ಬಿಟ್ಟರೆ ಉಳಿದ ಎರಡೂ ಹಂತ ನಡೆಯುವುದು ರೋಗಿ ಅರಿವಳಿಕೆಯಲ್ಲಿದ್ದಾಗ. ಆಧುನಿಕ ಆಸ್ಪತ್ರೆಯಲ್ಲಿ ಜೀವ ಉಳಿಸುವ ಕೆಲಸಗಳಲ್ಲಿ ದೊಡ್ಡ ಪಾಲು ಹೀಗೆ ರೋಗಿಯ ಕಣ್ಣಿಗೆ ಬೀಳದೆ ನಡೆಯುತ್ತದೆ, ಅಥವಾ ನಡೆಯದೆ ಹೋಗುತ್ತದೆ.

ಇಷ್ಟು ಹೇಳಿ "ರೋಗಿಗೇನು ಗೊತ್ತು" ಎಂದು ಫಾರಂ ಎಸೆಯುವ ವೈದ್ಯರು ಬಹಳ ಜನ ಇದ್ದಾರೆ. ಅವರೂ ಅರ್ಧ ಮಾತ್ರ ನೋಡುತ್ತಿದ್ದಾರೆ. ರಾತ್ರಿ ಎರಡಕ್ಕೆ ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಯಾರು ಬಂದರು, ಮಾತ್ರೆ ಕೊಡುವ ಮುಂಚೆ ಕೈಪಟ್ಟಿಯ ಹೆಸರು ನೋಡಿದರೇ, ಡ್ರಿಪ್ ಹೋಗುವ ಕ್ಯಾನುಲಾ ಮುಟ್ಟುವ ಮೊದಲು ಕೈಗೆ ಸ್ಯಾನಿಟೈಸರ್ ಹಾಕಿಕೊಂಡರೇ, ಹೊಸ ಮಾತ್ರೆ ಯಾತಕ್ಕೆಂದು ಹೇಳಿದರೇ? ಇವು ಕೇಸ್ ಶೀಟಿನಲ್ಲಿ ಇರುವುದಿಲ್ಲ, ಇದ್ದರೂ ನಂಬುವಂತಿರುವುದಿಲ್ಲ. ಹಾಸಿಗೆಯಲ್ಲಿ ಮಲಗಿದ್ದವರಿಗೆ ಮಾತ್ರ ಗೊತ್ತು. ಇವು ಸೌಜನ್ಯದ ವಿಷಯವಲ್ಲ, ಚಿಕಿತ್ಸೆಯದೇ ಭಾಗ. ನನ್ನ ವಾದ ಇಷ್ಟು: ಒಂದೇ ಫಾರಂನಲ್ಲಿ ರೋಗಿಯಿಂದ ಎರಡು ಬೇರೆ ಕೆಲಸ ಮಾಡಿಸಿಕೊಳ್ಳುತ್ತಿದ್ದೇವೆ. ಒಂದು ಸಾಕ್ಷಿ ಹೇಳುವುದು, ಇನ್ನೊಂದು ತೀರ್ಪು ಕೊಡುವುದು. ಮೊದಲನೆಯದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಎರಡನೆಯದಕ್ಕೆ ಬೇಕಾದ ಮಾಹಿತಿಯನ್ನೇ ನಾವು ಅವರಿಗೆ ಕೊಟ್ಟಿರುವುದಿಲ್ಲ.

ರೋಗಿಗಳನ್ನು ಕೇಳಿ ಅಂಕ ಹಾಕುವ ಈ ಕೆಲಸವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿ, ಅದಕ್ಕೆ ದುಡ್ಡನ್ನೂ ಕಟ್ಟಿ, ಪೆಟ್ಟನ್ನೂ ತಿಂದ ದೇಶ ಅಮೆರಿಕ. ಆಸ್ಪತ್ರೆಯಲ್ಲಿದ್ದು ಬಂದವರ ಅನುಭವ ಕೇಳುವ ಅಲ್ಲಿನ ಎಚ್‌ಕ್ಯಾಪ್ಸ್ ಸಮೀಕ್ಷೆ 2006ರ ಅಕ್ಟೋಬರಿನಲ್ಲಿ ದೇಶವ್ಯಾಪಿ ಶುರುವಾಯಿತು, 2008ರ ಮಾರ್ಚಿನಿಂದ ಆಸ್ಪತ್ರೆವಾರು ಫಲಿತಾಂಶ ಸಾರ್ವಜನಿಕವಾಯಿತು. ಕನಿಷ್ಠ ಒಂದು ರಾತ್ರಿ ದಾಖಲಾಗಿದ್ದ ವಯಸ್ಕರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಮನೆಗೆ ಹೋಗಿ 48 ಗಂಟೆ ಕಳೆದ ಮೇಲೆ, ಆರು ವಾರದೊಳಗೆ, ಅಂಚೆ ಅಥವಾ ಫೋನಿನಲ್ಲಿ ಕೇಳುವುದು ಅದರ ಮೂಲ ಕ್ರಮ. ವರ್ಷಕ್ಕೆ ಕನಿಷ್ಠ 300 ತುಂಬಿದ ಉತ್ತರಗಳ ಗುರಿ. "ನರ್ಸ್ ನಿಮ್ಮ ಮಾತನ್ನು ಗಮನವಿಟ್ಟು ಕೇಳಿದರೇ?" ಎಂಬಂಥ ಪ್ರಶ್ನೆಗೆ ಉತ್ತರ ನಾಲ್ಕೇ: ಯಾವತ್ತೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಖ್ಯವಾಗಿ "ಯಾವಾಗಲೂ" ಎಂದವರ ಪಾಲನ್ನು. ಸುಮ್ಮನೆ ಸಂಕೋಚಕ್ಕೆ "ಸಾಮಾನ್ಯವಾಗಿ" ಎನ್ನುವವರು ಎಲ್ಲೆಲ್ಲೂ ಇರುತ್ತಾರಲ್ಲ, ಅದಕ್ಕೆ ಈ ಬಿಗಿ.

ಇದರಲ್ಲಿ ಮೆಚ್ಚಬೇಕಾದ ಇನ್ನೊಂದು ಕಸುಬುದಾರಿಕೆ ಇದೆ. ವಯಸ್ಸಾದವರು ಹೆಚ್ಚು ಅಂಕ ಕೊಡುತ್ತಾರೆ, ಹೆರಿಗೆ ವಾರ್ಡಿನವರು ಹೆಚ್ಚು ಕೊಡುತ್ತಾರೆ, ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದುಕೊಂಡವರು ಕಡಿಮೆ ಕೊಡುತ್ತಾರೆ. ಹಾಗಾಗಿ ವಯಸ್ಸು, ಓದು, ಮನೆಮಾತು, ಆರೋಗ್ಯಸ್ಥಿತಿ, ವಾರ್ಡಿನ ಬಗೆ ಇವನ್ನೆಲ್ಲ ಲೆಕ್ಕ ಹಾಕಿ ಅಂಕ ಸರಿಹೊಂದಿಸುತ್ತಾರೆ. ಇಲ್ಲದಿದ್ದರೆ ಹೆರಿಗೆ ಆಸ್ಪತ್ರೆ ಕೂತಲ್ಲೇ ಗೆಲ್ಲುತ್ತದೆ, ಕ್ಯಾನ್ಸರ್ ಆಸ್ಪತ್ರೆ ಎಷ್ಟು ದುಡಿದರೂ ಸೋಲುತ್ತದೆ. ನಮ್ಮಲ್ಲಿ ಲಿಫ್ಟಿನ ಪಕ್ಕದ ಬೋರ್ಡುಗಳಲ್ಲಿ ಈ ತಿದ್ದುಪಡಿ ಮಾಡಿದ್ದನ್ನು ಕಾಣುವುದು ಅಪರೂಪ. ಮೂಳೆ ವಿಭಾಗವನ್ನು ಹೆರಿಗೆ ವಿಭಾಗದ ಪಕ್ಕ ನಿಲ್ಲಿಸಿ "ನೀವು ಯಾಕೆ ಹಿಂದೆ ಬಿದ್ದಿರಿ" ಎಂದು ಕೇಳುವ ಮೀಟಿಂಗುಗಳು ಮಾತ್ರ ತಪ್ಪದೆ ನಡೆಯುತ್ತವೆ.

2012ರ ಅಕ್ಟೋಬರಿನಿಂದ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಆಸ್ಪತ್ರೆಗಳಿಗೆ ಕೊಡುವ ಹಣದ ಒಂದು ಪಾಲನ್ನು ತಡೆಹಿಡಿದು, ಗುಣಮಟ್ಟ ನೋಡಿ ಹಂಚಲು ಶುರುಮಾಡಿತು. ಶೇ 1ರಿಂದ ಶುರುವಾದ ಆ ಪಾಲು ಕೆಲವೇ ವರ್ಷಗಳಲ್ಲಿ ಶೇ 2ಕ್ಕೆ ಏರಿತು. ಗುಣಮಟ್ಟದ ಅಂಕದಲ್ಲಿ ರೋಗಿಗಳ ಅನುಭವಕ್ಕೆ ಮೊದಲು ಶೇ 30, ಆಮೇಲೆ ಶೇ 25 ತೂಕ. ಕೇಳಲು ಸಣ್ಣ ಸಂಖ್ಯೆ, ಆದರೆ ತೆಳುವಾದ ಲಾಭಾಂಶದಲ್ಲಿ ನಡೆಯುವ ಆಸ್ಪತ್ರೆಗೆ ಅದು ಹತ್ತಾರು ನರ್ಸುಗಳ ಸಂಬಳ.

ಅದೇ 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಜೋಶುವಾ ಫೆಂಟನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಸುಮಾರು 52 ಸಾವಿರ ವಯಸ್ಕರ ಲೆಕ್ಕ. ತಮ್ಮ ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತಿ ಹೇಳಿದ ಕಾಲು ಭಾಗದವರನ್ನು ಅತಿ ಕಡಿಮೆ ತೃಪ್ತರಾದ ಕಾಲು ಭಾಗದವರ ಜೊತೆ ಹೋಲಿಸಿದರೆ, ತೃಪ್ತರು ಆಸ್ಪತ್ರೆಗೆ ದಾಖಲಾಗುವುದು ಹೆಚ್ಚು, ಒಟ್ಟು ಖರ್ಚು ಶೇ 8.8ರಷ್ಟು ಹೆಚ್ಚು, ಔಷಧಿ ಖರ್ಚು ಶೇ 9.1ರಷ್ಟು ಹೆಚ್ಚು, ಮುಂದಿನ ವರ್ಷಗಳಲ್ಲಿ ಸಾಯುವ ಅಪಾಯ ಶೇ 26ರಷ್ಟು ಹೆಚ್ಚು ಇತ್ತು. "ತೃಪ್ತಿ ಕೊಲ್ಲುತ್ತದೆ" ಎಂಬ ಧಾಟಿಯಲ್ಲಿ ಸುದ್ದಿ ಹಬ್ಬಿತು. ಅಂಕಪಟ್ಟಿಯಿಂದ ಬೇಸತ್ತಿದ್ದ ವೈದ್ಯರಿಗಂತೂ ಹಬ್ಬ.

ಆ ಅಧ್ಯಯನ ಅಷ್ಟು ದೂರ ಹೋಗುವುದಿಲ್ಲ. ಅದು ಜನರನ್ನು ಗಮನಿಸಿದ ಲೆಕ್ಕವೇ ಹೊರತು ಪ್ರಯೋಗವಲ್ಲ. ದೀರ್ಘ ಕಾಯಿಲೆ ಇರುವವರು ಒಂದೇ ಡಾಕ್ಟರನ್ನು ಮತ್ತೆ ಮತ್ತೆ ನೋಡುತ್ತಾರೆ, ನಂಟು ಬೆಳೆಯುತ್ತದೆ, ಅಂಕ ಏರುತ್ತದೆ. ಅವರಿಗೆ ಸಾವೂ ಹತ್ತಿರ. ಕಾಯಿಲೆಯ ತೀವ್ರತೆಯನ್ನು ಲೆಕ್ಕದಲ್ಲಿ ಕಳೆದರೂ ಸಂಬಂಧ ಉಳಿಯಿತು ಎಂದು ಲೇಖಕರು ತೋರಿಸಿದ್ದಾರೆ, ಆದರೆ ಸಮೀಕ್ಷೆಯ ಪ್ರಶ್ನೆಗಳಿಂದ ಕಾಯಿಲೆಯ ತೀವ್ರತೆ ಪೂರ್ತಿ ಹಿಡಿತಕ್ಕೆ ಸಿಗುವುದು ಕಷ್ಟ. ಅದರಿಂದ ಗಟ್ಟಿಯಾಗಿ ತೆಗೆದುಕೊಳ್ಳಬಹುದಾದದ್ದು ಒಂದೇ: ತೃಪ್ತಿ ಹೆಚ್ಚಿದಲ್ಲಿ ಖರ್ಚೂ ಹೆಚ್ಚಿತ್ತು, ಫಲ ಮಾತ್ರ ಹೆಚ್ಚಿದ ಸುಳಿವಿಲ್ಲ.

ಇದಕ್ಕೆ ಪೂರ್ತಿ ಎದುರು ಹೇಳುವ ಅಧ್ಯಯನಗಳೂ ಇವೆ. 2008ರಲ್ಲಿ ಆಶಿಶ್ ಝಾ ತಂಡ ಎರಡು ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ ಎಚ್‌ಕ್ಯಾಪ್ಸ್ ಅಂಕ ನೋಡಿದಾಗ, ಹೆಚ್ಚು ಅಂಕದ ಆಸ್ಪತ್ರೆಗಳಲ್ಲಿ ಹೃದಯಾಘಾತ, ನ್ಯುಮೋನಿಯಾದಂಥ ಕಾಯಿಲೆಗಳ ಚಿಕಿತ್ಸೆಯೂ ತುಸು ಮೇಲಿತ್ತು. 2011ರ ಇನ್ನೊಂದು ಅಧ್ಯಯನದಲ್ಲಿ ಹೆಚ್ಚು ತೃಪ್ತಿಯ ಆಸ್ಪತ್ರೆಗಳಿಂದ ಮನೆಗೆ ಹೋದವರು 30 ದಿನದೊಳಗೆ ಮತ್ತೆ ದಾಖಲಾಗುವುದು ಕಡಿಮೆ ಇತ್ತು. ಹಾಗಾದರೆ ಯಾವುದು ನಿಜ? ಎರಡೂ. ಫೆಂಟನ್ ಅಳೆದದ್ದು ಒಬ್ಬೊಬ್ಬ ವ್ಯಕ್ತಿಯನ್ನು, ಉಳಿದವರು ಅಳೆದದ್ದು ಇಡೀ ಆಸ್ಪತ್ರೆಯನ್ನು. ಇವೆರಡನ್ನು ಕಲಸಿಕೊಂಡೇ ಈ ವಿಷಯದ ಮುಕ್ಕಾಲು ಜಗಳ ನಡೆಯುತ್ತಿದೆ.

ಇಡೀ ಆಸ್ಪತ್ರೆಯ ಮಟ್ಟದಲ್ಲಿ ಅಂಕ ಮತ್ತು ಫಲ ಒಟ್ಟಿಗೆ ಏರಲು ಕಾರಣ ಹುಡುಕುತ್ತ ಹೋದರೆ ಸಿಗುವುದು ನರ್ಸುಗಳ ಸಂಖ್ಯೆ. ಲಿಂಡಾ ಐಕೆನ್ ತಂಡ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ಝಾ ಅವರ ಅಧ್ಯಯನದಲ್ಲೂ ನರ್ಸುಗಳು ಹೆಚ್ಚಿದ್ದ ಆಸ್ಪತ್ರೆಗಳಿಗೆ ರೋಗಿಗಳು ಕೊಟ್ಟ ಅಂಕ ಹೆಚ್ಚಿತ್ತು. ಬೆಲ್ ಒತ್ತಿದಾಗ ಬೇಗ ಬರುವ ನರ್ಸೇ ನಾಡಿ ಏರುತ್ತಿರುವುದನ್ನು, ಮೂತ್ರ ಕಡಿಮೆಯಾಗಿರುವುದನ್ನು ಬೇಗ ಗಮನಿಸುವವರು. ಹೀಗಿರುವಾಗ ನರ್ಸುಗಳನ್ನು ಹೆಚ್ಚಿಸದೆ ಅಂಕ ಹೆಚ್ಚಿಸಲು ಹೊರಟವರ ಪಾಡು ನೋಡಬೇಕು. ಅಮೆರಿಕದಲ್ಲಿ ನರ್ಸುಗಳಿಗೆ ಮಾತಿನ ಸ್ಕ್ರಿಪ್ಟ್ ಬರೆದುಕೊಟ್ಟರು. ಕೋಣೆ ಬಿಡುವ ಮುಂಚೆ "ಇನ್ನೇನಾದರೂ ಬೇಕೇ? ನನಗೆ ಸಮಯವಿದೆ" ಎನ್ನಬೇಕು. ಹತ್ತು ರೋಗಿಗಳ ನಡುವೆ ಓಡಾಡುವವರ ಬಾಯಿಂದ ಹೊರಟ ಆ ಮಾತನ್ನು ರೋಗಿಯೂ ನಂಬುವುದಿಲ್ಲ.

ಕಟ್ಟಡದ ಹೊಳಪು ಅಂಕವನ್ನು ಕೆಡಿಸುತ್ತದೆ ಎಂಬ ಅನುಮಾನ ಎಲ್ಲರಿಗೂ ಇದೆ. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ 2012ರಲ್ಲಿ ಹೊಸ ಭವ್ಯ ಕಟ್ಟಡಕ್ಕೆ ಹೋದಾಗ ಹಳೆಯ ಅಂಕ, ಹೊಸ ಅಂಕ ಎರಡನ್ನೂ ಹೋಲಿಸಿ ನೋಡಿದರು. ಕೋಣೆ, ಶುಚಿತ್ವ, ನಿಶ್ಶಬ್ದ, ನೆಂಟರಿಗೆ ಅನುಕೂಲ ಇವುಗಳ ಅಂಕ ಏರಿತು. ಡಾಕ್ಟರು, ನರ್ಸುಗಳ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಬಿಡಿಬಿಡಿಯಾಗಿ ಕೇಳಿದರೆ ರೋಗಿಗಳು ಗ್ರಾನೈಟನ್ನು ಗ್ರಾನೈಟಿನ ಲೆಕ್ಕಕ್ಕೇ ಹಾಕುತ್ತಾರೆ.

ಕೆಡುವುದು ಎಲ್ಲವನ್ನೂ ಸೇರಿಸಿ "ಒಟ್ಟಾರೆ ಎಷ್ಟು?" ಎಂದು ಕೇಳಿದಾಗ. 2006ರ ಒಂದು ಅಧ್ಯಯನದಲ್ಲಿ 236 ಮಂದಿ ವೃದ್ಧರ ದಾಖಲೆಗಳನ್ನು ತೆಗೆದು, ಅವರಿಗೆ ಸಿಗಬೇಕಾಗಿದ್ದ ಚಿಕಿತ್ಸೆಯಲ್ಲಿ ಎಷ್ಟು ಸಿಕ್ಕಿತೆಂದು ಲೆಕ್ಕ ಹಾಕಿದರು: ಶೇ 55. ಅದೇ ವೃದ್ಧರು ತಮ್ಮ ಚಿಕಿತ್ಸೆಗೆ ಹತ್ತರಲ್ಲಿ ಸರಾಸರಿ 8.9 ಕೊಟ್ಟಿದ್ದರು. ಹೆಚ್ಚು ಚಿಕಿತ್ಸೆ ಸಿಕ್ಕವರು ಹೆಚ್ಚು ಕೊಟ್ಟರೇ? ಇಲ್ಲ. ಡಾಕ್ಟರು ಚೆನ್ನಾಗಿ ಮಾತಾಡಿಸಿದವರು ಹೆಚ್ಚು ಕೊಟ್ಟಿದ್ದರು.

ಅಂಕಕ್ಕೆ ದುಡ್ಡು ಕಟ್ಟಿದಾಗ ಏನಾಗಬಹುದೆಂಬ ಭಯಕ್ಕೆ ನೋವಿನ ಪ್ರಶ್ನೆ ಉದಾಹರಣೆ. "ನಿಮ್ಮ ನೋವಿಗೆ ಸಿಬ್ಬಂದಿ ಕೈಲಾದದ್ದೆಲ್ಲ ಮಾಡಿದರೇ?" ಎಂಬ ಪ್ರಶ್ನೆ ಎಚ್‌ಕ್ಯಾಪ್ಸ್‌ನಲ್ಲಿತ್ತು. ಅದೇ ಕಾಲಕ್ಕೆ ಅಮೆರಿಕ ಅಫೀಮು ಜಾತಿಯ ನೋವುಮಾತ್ರೆಗಳ ಚಟದಲ್ಲಿ ಮುಳುಗುತ್ತಿತ್ತು. ಬೇಡವೆಂದರೆ ಅಂಕ ಹೋಗುತ್ತದೆ ಎಂಬ ಒತ್ತಡವಿದೆ ಎಂದು ವೈದ್ಯರು ದೂರಿದರು. ಸಮೀಕ್ಷೆಯಿಂದಲೇ ಮಾತ್ರೆ ಹೆಚ್ಚಾಯಿತು ಎಂಬುದಕ್ಕೆ ಸಿಕ್ಕ ಪುರಾವೆ ಗಟ್ಟಿಯಿಲ್ಲ. ಆದರೂ ಸರ್ಕಾರ ಮೊದಲು ನೋವಿನ ಪ್ರಶ್ನೆಗಳನ್ನು ಹಣದ ಲೆಕ್ಕದಿಂದ ತೆಗೆಯಿತು, 2018ರ ಒಂದು ಕಾಯಿದೆಯ ಬಳಿಕ 2019ರ ಅಕ್ಟೋಬರಿನಿಂದ ಪ್ರಶ್ನಾವಳಿಯಿಂದಲೇ ಕೈಬಿಟ್ಟಿತು. ನನಗೆ ಇದು ಅರ್ಧ ಸರಿ ಅನಿಸುತ್ತದೆ. "ನೋವು ಎಷ್ಟಿದೆ ಎಂದು ಕೇಳಿದರೇ, ಏನು ಮಾಡಬಹುದೆಂದು ವಿವರಿಸಿದರೇ" ಎಂದು ಕೇಳಿದ್ದರೆ ಸಾಕ್ಷಿಯಾಗುತ್ತಿತ್ತು. "ಕೈಲಾದದ್ದೆಲ್ಲ" ಎಂದದ್ದರಿಂದ ತೀರ್ಪಾಯಿತು. ನಡುವೆ ಅಂಥ ಒಂದು ಹದವಾದ ಪ್ರಶ್ನೆಯನ್ನು ತಂದರೂ ಅಷ್ಟರಲ್ಲಿ ಹೆಸರು ಕೆಟ್ಟಾಗಿತ್ತು.

ನಮ್ಮಲ್ಲಿ ಅಂಕಕ್ಕೆ ಸರ್ಕಾರ ದುಡ್ಡು ಕಟ್ಟಬೇಕಿಲ್ಲ, ಮಾರುಕಟ್ಟೆಯೇ ಕಟ್ಟಿದೆ. ತಾಲ್ಲೂಕಿನ ಯಾವುದೇ ಬಸ್‌ಸ್ಟ್ಯಾಂಡ್ ಎದುರಿನ ಕ್ಲಿನಿಕ್ಕಿನಲ್ಲಿ ಜ್ವರ, ಮೈಕೈ ನೋವು ಎಂದು ಬಂದವರಿಗೆ ಪ್ಯಾರಾಸಿಟಮಾಲ್ ಬರೆದು, ನೀರು ಕುಡಿಯಿರಿ, ಮೂರು ದಿನ ನೋಡೋಣ ಎಂದ ಡಾಕ್ಟರಿಗೆ "ಒಂದು ಸೂಜೀನೂ ಹಾಕಲಿಲ್ಲ" ಎಂಬ ಹೆಸರು ಬರುತ್ತದೆ. ಪಕ್ಕದ ಬೀದಿಯಲ್ಲಿ ನೋವಿನ ಡೈಕ್ಲೊಫೆನಾಕ್ ಮತ್ತು ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್ ಎರಡನ್ನೂ ಚುಚ್ಚಿ ಕಳಿಸಿದವರ ರೋಗಿ ಸಂಜೆಗೆ ಎದ್ದು ಓಡಾಡುತ್ತಾರೆ. ಕೈಗುಣ ಚೆನ್ನಾಗಿದೆ ಎಂಬ ಮಾತು ಊರಿಡೀ ಹಬ್ಬುತ್ತದೆ. ಆ ಜ್ವರ ಡೆಂಗಿ ಆಗಿದ್ದರೆ ಡೈಕ್ಲೊಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಪ್ಲೇಟ್ಲೆಟ್ ಇಳಿದಿರುವಾಗ ಮಾಂಸಖಂಡಕ್ಕೆ ಚುಚ್ಚಿದ ಸೂಜಿ ಒಳಗೇ ರಕ್ತ ಕಟ್ಟಿಸಬಹುದು, ಸಕ್ಕರೆ ಕಾಯಿಲೆಯವರಿಗೆ ಸ್ಟಿರಾಯ್ಡ್ ಶುಗರ್ ಏರಿಸುತ್ತದೆ. ಇದು ಯಾವುದೂ ಅಂದು ಸಂಜೆ ಕಾಣುವುದಿಲ್ಲ.

ಗ್ಲೂಕೋಸ್ ಬಾಟ್ಲಿಯದು ಇನ್ನೂ ಸ್ಪಷ್ಟ. ಶೇ 5ರ 500 ಮಿಲಿಲೀಟರ್ ಡೆಕ್ಸ್‌ಟ್ರೋಸ್ ಎಂದರೆ 25 ಗ್ರಾಂ ಸಕ್ಕರೆ, ಹೆಚ್ಚೆಂದರೆ ನೂರು ಕ್ಯಾಲೊರಿ. ಎರಡು ಇಡ್ಲಿಯ ಶಕ್ತಿ. ಭೇದಿಯಾಗಿ ಸುಸ್ತಾದ, ಆದರೆ ಬಾಯಲ್ಲಿ ಕುಡಿಯಬಲ್ಲ ಮನುಷ್ಯನಿಗೆ ಬೇಕಾಗಿರುವುದು ಲೀಟರ್ ನೀರಿಗೆ 20.5 ಗ್ರಾಂ ಓಆರ್‌ಎಸ್ ಪುಡಿ: 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. 1971ರಲ್ಲಿ ಪಶ್ಚಿಮ ಬಂಗಾಳದಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಾಬಿಸ್ ಇಂಥದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕೊಟ್ಟಾಗ ಕಾಲರಾ ಸಾವು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಬಂತು. ಆದರೂ ಪುಡಿಯ ಪೊಟ್ಟಣ ಕೈಗಿತ್ತರೆ ಚಿಕಿತ್ಸೆ ಅನಿಸುವುದಿಲ್ಲ, ಬಾಟ್ಲಿ ನೇತುಹಾಕಿದರೆ ಅನಿಸುತ್ತದೆ. ನಕ್ಷತ್ರ ಯಾರಿಗೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ.

ಇದಕ್ಕೂ ಕಷ್ಟದ ಜಾಗ, ಒಳ್ಳೆಯ ಚಿಕಿತ್ಸೆ ಸ್ವತಃ ಸಿಟ್ಟು ತರಿಸುವುದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳದಿಂದ ದ್ರವ ಸೋರುವುದು ಆಗ. ಅದನ್ನು ಹಿಡಿಯಲು ನಾಲ್ಕರಿಂದ ಆರು ಗಂಟೆಗೊಮ್ಮೆ ರಕ್ತ ತೆಗೆದು ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡಬೇಕು, ಮೂತ್ರದ ಅಳತೆ ಬರೆಯಬೇಕು, ಡ್ರಿಪ್ಪಿನ ವೇಗವನ್ನು ಏರಿಸಿ ಇಳಿಸಬೇಕು. ಮನೆಯವರಿಗೆ ಕಾಣುವುದು "ಜ್ವರ ಬಿಟ್ಟಿದೆ, ಆದರೂ ರಾತ್ರಿಯೆಲ್ಲ ಎಬ್ಬಿಸಿ ರಕ್ತ ತೆಗೀತಾರೆ" ಎಂಬುದು. ಪ್ಲೇಟ್ಲೆಟ್ 40 ಸಾವಿರಕ್ಕೆ ಬಂದಿದೆ, ಯಾಕೆ ಹಾಕುತ್ತಿಲ್ಲ ಎಂಬ ಜಗಳ ಬೇರೆ. ರಕ್ತಸ್ರಾವ ಇಲ್ಲದಿದ್ದರೆ, 10 ಸಾವಿರಕ್ಕಿಂತ ಕೆಳಗಿಳಿಯದಿದ್ದರೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ, ಹಾಕಿದರೂ ಏರಿದ ಸಂಖ್ಯೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಕಿದ ಆಸ್ಪತ್ರೆ "ಪ್ಲೇಟ್ಲೆಟ್ ಹಾಕಿ ಬದುಕಿಸಿತು" ಎನಿಸಿಕೊಳ್ಳುತ್ತದೆ. ಆಪರೇಷನ್ ಆದ ಮರುದಿನವೇ ನೋವಿನಲ್ಲಿರುವವರನ್ನು ಎಬ್ಬಿಸಿ ನಡೆಸುವ ಫಿಸಿಯೊಥೆರಪಿಸ್ಟ್‌ದೂ ಇದೇ ಪಾಡು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ, ಶ್ವಾಸಕೋಶದಲ್ಲಿ ಕಫ ನಿಲ್ಲದಂತೆ ತಡೆದದ್ದು ಯಾರ ಕಣ್ಣಿಗೂ ಕಾಣದು. ಬೈಸಿಕೊಂಡದ್ದು ಮಾತ್ರ ಕಾಣುತ್ತದೆ.

ರೋಗಿಗೆ ಗೊತ್ತಾಗದ ಭಾಗವನ್ನು ಅಳೆಯುವ ಬೇರೆ ದಾರಿಯೂ ಇದೆ. ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದ ಹಳ್ಳಿಗಳಲ್ಲಿ, ದೆಹಲಿಯಲ್ಲಿ ತರಬೇತಿ ಪಡೆದ ನಟ-ರೋಗಿಗಳನ್ನು ಕ್ಲಿನಿಕ್ಕುಗಳಿಗೆ ಕಳಿಸಿದರು: ಒಬ್ಬರಿಗೆ ಹೃದಯಾಘಾತದ ಮುನ್ಸೂಚನೆಯ ಎದೆನೋವು, ಒಬ್ಬರಿಗೆ ಅಸ್ತಮಾ, ಇನ್ನೊಬ್ಬರದು ಮನೆಯಲ್ಲಿರುವ ಮಗುವಿಗೆ ರಕ್ತಭೇದಿ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹಳ್ಳಿಗಳಲ್ಲಿ ಒಂದು ಭೇಟಿಯ ಸರಾಸರಿ ಅವಧಿ 3.6 ನಿಮಿಷ, ಸರಿಯಾದ ರೋಗನಿರ್ಣಯ ಹೇಳಿದ್ದು ನೂರಕ್ಕೆ 12ರಷ್ಟು ಭೇಟಿಗಳಲ್ಲಿ. ಇಂಥ ಕ್ಲಿನಿಕ್ಕುಗಳ ಹೊರಗೂ ಬೆಳಗಾದರೆ ಸಾಲು ಇರುತ್ತದೆ.

ಇನ್ನು ನೆನಪಿನ ಚೇಷ್ಟೆ. ಡೊನಾಲ್ಡ್ ರೆಡೆಲ್ಮೈಯರ್, ಡೇನಿಯಲ್ ಕಾನೆಮನ್ ಮತ್ತಿತರರು 682 ಜನರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಕೊಲೊನೊಸ್ಕೊಪಿ (ನಳಿಕೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮುಗಿದ ಮೇಲೂ ನಳಿಕೆಯ ತುದಿಯನ್ನು ಕೆಲವು ನಿಮಿಷ ಒಳಗೇ ಅಲುಗಾಡಿಸದೆ ಬಿಟ್ಟರು. ಒಟ್ಟು ಕಿರಿಕಿರಿಯ ಹೊತ್ತು ಹೆಚ್ಚಾಯಿತು, ಆದರೆ ಕೊನೆ ಸೌಮ್ಯವಾಯಿತು. ಆಮೇಲೆ ಕೇಳಿದಾಗ ಇವರೇ ಅನುಭವ ಅಷ್ಟು ಕೆಟ್ಟದಿರಲಿಲ್ಲ ಎಂದರು. ಅತಿ ನೋವಿನ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ನೆನಪನ್ನು ತೂಗುತ್ತವೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಕೊನೆಯ ಗಳಿಗೆ ಯಾವುದು? ಇನ್ಶೂರೆನ್ಸ್ ಅಪ್ರೂವಲ್‌ಗೆ ಕಾಯುವುದು. ಬೆಳಿಗ್ಗೆ ಹತ್ತಕ್ಕೆ ಡಾಕ್ಟರು "ಮನೆಗೆ ಹೋಗಬಹುದು" ಎಂದರೆ ಸಂಜೆ ಐದಕ್ಕೂ ಹಾಸಿಗೆ ಬಿಟ್ಟಿರುವುದಿಲ್ಲ. ಡಿಸ್‌ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೇಳಿದ್ದು ಇದಕ್ಕೇ. ಆ ಕಾಯುವಿಕೆಯ ಸಿಟ್ಟು ನ್ಯುಮೋನಿಯಾ ವಾಸಿಮಾಡಿದ ಡಾಕ್ಟರ ಅಂಕದಲ್ಲಿ ಕೂರುತ್ತದೆ. ವಿಮಾ ಕಂಪನಿಗೆ ಆ ಫಾರಂನಲ್ಲಿ ಕಾಲಮ್ಮೇ ಇಲ್ಲ.

ಲೆಕ್ಕದ ಮಾತು ಒಂದು. ತಿಂಗಳಿಗೆ 30 ಫಾರಂ ಬಂದು, ಅದರಲ್ಲಿ 24 ಜನ, ಅಂದರೆ ಶೇ 80, "ಯಾವಾಗಲೂ" ಎಂದರೆ ನಿಜವಾದ ಪ್ರಮಾಣ 66ರಿಂದ 94ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 300 ಉತ್ತರ ಬಂದರೆ ಆ ಅಂತರ 75ರಿಂದ 85ಕ್ಕೆ ಇಳಿಯುತ್ತದೆ. ಹಾಗಿರುವಾಗ ಹನ್ನೆರಡು ಫಾರಂ ಮೇಲೆ ಒಬ್ಬ ಡಾಕ್ಟರಿಗೆ ಇನ್ಸೆಂಟಿವ್ ಕೊಡುವುದು, ಇನ್ನೊಬ್ಬರಿಗೆ ಮೆಮೊ ಕೊಡುವುದು ಹುಡುಗಾಟ. ಜೊತೆಗೆ ಉತ್ತರ ಕೊಡದವರು ಯಾರು ಎಂಬುದೂ ಇದೆ. ಅಮೆರಿಕದಲ್ಲೇ ಈಗ ನಾಲ್ಕರಲ್ಲಿ ಒಬ್ಬರ ಆಸುಪಾಸು ಮಾತ್ರ ಉತ್ತರಿಸುತ್ತಾರೆ. ಐಸಿಯುನಲ್ಲಿ ತೀರಿಕೊಂಡವರಂತೂ ಯಾವ ಸಮೀಕ್ಷೆಯಲ್ಲೂ ಇಲ್ಲ. ಗೂಗಲ್ ರಿವ್ಯೂ ಆದರೆ ಐದು ನಕ್ಷತ್ರದವರು, ಒಂದು ನಕ್ಷತ್ರದವರೇ ತುಂಬಿ, ನಡುವೆ ಬಯಲು. ಆಸ್ಪತ್ರೆ ಹುಡುಕುವಾಗ ನಾನು ಹೇಳುವುದು, ಸರಾಸರಿ ಬಿಟ್ಟು ಎರಡು-ಮೂರು ನಕ್ಷತ್ರದವರ ಬರಹ ಓದಿ ಎಂದು. "ಡಾಕ್ಟರು ದೇವರು", "ಇವರು ದರೋಡೆಕೋರರು" ಎಂಬುವನ್ನು ದಾಟಿ, "ಎರಡನೇ ದಿನ ಡ್ಯೂಟಿ ಡಾಕ್ಟರು ಬರಲೇ ಇಲ್ಲ" ಎಂಬಂಥ ಘಟನೆ ಮೂರು ಬೇರೆ ಜನರ ಮಾತಿನಲ್ಲಿ ಬಂದಿದ್ದರೆ ಅದಕ್ಕೆ ಬೆಲೆ ಇದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಸಾಕ್ಷಿಯ ಬೆಲೆ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ "ಮೇರಾ ಅಸ್ಪತಾಲ್" 2016ರಿಂದ ಎಸ್‌ಎಂಎಸ್, ಫೋನ್, ವೆಬ್, ಆ್ಯಪ್ ಮೂಲಕ ಕೇಳುತ್ತಿದೆ. ತೃಪ್ತಿಯಿಲ್ಲ ಎಂದರೆ ಕಾರಣಕ್ಕೆ ಸಿಬ್ಬಂದಿಯ ನಡವಳಿಕೆ, ಶುಚಿತ್ವ, ಖರ್ಚು, ಚಿಕಿತ್ಸೆಯ ಗುಣಮಟ್ಟದಂಥ ಆಯ್ಕೆಗಳಿವೆ. ಇದರಲ್ಲಿ "ಖರ್ಚು" ಎಂಬುದನ್ನು ಸುಮ್ಮನೆ ಬಿಡಬಾರದು. ಉಚಿತವಾಗಿ ಸಿಗಬೇಕಾದ ಕಡೆ ಖರ್ಚಾಯಿತು ಎಂದರೆ ಒಂದೋ ಔಷಧಿಯನ್ನು ಹೊರಗಿನ ಅಂಗಡಿಯಿಂದ ತರಿಸಿದ್ದಾರೆ, ಇಲ್ಲವೇ ಸ್ಟ್ರೆಚರ್ ತಳ್ಳಲು, ಮಗು ತೋರಿಸಲು ಯಾರೋ ಕೈ ಚಾಚಿದ್ದಾರೆ. ಯಾವ ರಿಜಿಸ್ಟರಿನಲ್ಲೂ ಬರದ ಈ ಸಂಗತಿಗೆ ರೋಗಿಯೊಬ್ಬರೇ ದಾಖಲೆ.

ಹಾಗಾದರೆ ಕೇಳುವುದು ಹೇಗೆ? ನೂರು ಹಾಸಿಗೆಯ ಆಸ್ಪತ್ರೆಗೆ ದುಬಾರಿ ಏಜೆನ್ಸಿ ಬೇಕಿಲ್ಲ. ಡಿಸ್‌ಚಾರ್ಜ್ ಕೌಂಟರಿನಲ್ಲಿ ಕೇಳುವುದನ್ನು ನಿಲ್ಲಿಸಿ, ಮನೆಗೆ ಹೋದ ಐದಾರು ದಿನಕ್ಕೆ ಫೋನ್ ಮಾಡಬೇಕು. ಮಾಡುವವರು ಆ ವಾರ್ಡಿನವರಾಗಿರಬಾರದು. ಯಾರಿಗೆ ಮಾಡಬೇಕೆಂಬುದನ್ನು ವಾರ್ಡಿನ ಇನ್‌ಚಾರ್ಜ್ ಆರಿಸಬಾರದು. ಡಿಸ್‌ಚಾರ್ಜ್ ರಿಜಿಸ್ಟರಿನಲ್ಲಿ ಪ್ರತಿ ಐದನೆಯ ಹೆಸರು ಎಂದು ಇಟ್ಟುಕೊಂಡರೆ ಸಾಕು. ಮಾತು ರೋಗಿಯ ಜೊತೆ, ಅವರ ಮಾತಿನಲ್ಲಿ: ಕಲಬುರಗಿಯಲ್ಲಿ ಉರ್ದು, ಮಂಗಳೂರಿನಲ್ಲಿ ತುಳು, ಬ್ಯಾರಿ ಬಲ್ಲವರು ಬೇಕು. "ಚಿಕಿತ್ಸೆ ಚೆನ್ನಾಗಿತ್ತಾ?" ಎಂದು ಕೇಳಿದರೆ ನಮ್ಮ ಜನ "ಹ್ಞೂಂ, ಚೆನ್ನಾಗಿತ್ತು" ಎಂದೇ ಅನ್ನುವುದು, ಎದುರಿನವರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯ. ನೈಜೀರಿಯಾದ ಒಂದು ಅಧ್ಯಯನದಲ್ಲೂ ಅದೇ ಸಂಗತಿಯನ್ನು ಹೊಗಳಿಕೆಯ ವಾಕ್ಯವಾಗಿ ಹೇಳಿ ಒಪ್ಪುತ್ತೀರಾ ಎಂದಾಗ, ದೂರಿನ ವಾಕ್ಯವಾಗಿ ಹೇಳಿ ಒಪ್ಪುತ್ತೀರಾ ಎಂದಾಗ, ತೃಪ್ತಿಯ ಪ್ರಮಾಣವೇ ಬೇರೆ ಬಂದಿತ್ತು. ಆದ್ದರಿಂದ ಘಟನೆ ಕೇಳಬೇಕು. ರಾತ್ರಿ ಬೆಲ್ ಒತ್ತಿದ್ದಿರಾ, ಎಷ್ಟು ಹೊತ್ತಿಗೆ ಬಂದರು? ಸೂಜಿ ಹಾಕಿದ ಕೈ ಬಾತಿತ್ತಾ, ಹೇಳಿದ ಮೇಲೆ ತೆಗೆದರಾ? ಔಷಧಿ ವಿಷಯದಲ್ಲಿ "ವಿವರಿಸಿದರಾ" ಎಂದು ಕೇಳದೆ "ಆ ಬಿಳಿ ಮಾತ್ರೆ ಯಾತಕ್ಕೆ, ಹೇಳಿ ನೋಡೋಣ" ಎಂದರೆ ವಿವರಿಸಿದ್ದರೋ ಇಲ್ಲವೋ ತಾನೇ ಹೊರಬರುತ್ತದೆ. ಹೃದಯ ದುರ್ಬಲವಾಗಿರುವವರನ್ನು ದಿನಾ ತೂಕ ನೋಡಿಕೊಳ್ಳಲು ಹೇಳಿ ಕಳಿಸಿರಬೇಕು, ಎರಡು ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಬರಬೇಕೆಂದು ಅವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಫೋನಿನಲ್ಲೇ ಹೇಳಿದರಾಯಿತು, ಅಳತೆಯ ಜೊತೆಗೆ ಚಿಕಿತ್ಸೆಯೂ ಆಯಿತು.

ಆಪರೇಷನ್ ಆದವರಿಗೆ ಮೂವತ್ತನೆಯ ದಿನ ಇನ್ನೊಂದು ಫೋನ್ ಬೇಕು, ಕೀಲು ಬದಲಾಯಿಸಿದಂಥವರಿಗೆ ತೊಂಬತ್ತನೆಯ ದಿನವೂ. ಗಾಯದಿಂದ ನೀರು ಬಂತಾ, ಹೊಲಿಗೆ ಬಿಚ್ಚಿತಾ, ಬೇರೆ ಕಡೆ ತೋರಿಸಿದಿರಾ, ಆಂಟಿಬಯಾಟಿಕ್ ಬರೆದರಾ? ಗಾಯದ ಸೋಂಕು ಬಹುಪಾಲು ಹೊರಬೀಳುವುದು ಮನೆಗೆ ಹೋದ ಮೇಲೆ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ಕೀವಾದರೆ ತುಮಕೂರಿನಲ್ಲೋ ಶಿರಾದಲ್ಲೋ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾರೆ, ಆಪರೇಷನ್ ಮಾಡಿದ ಆಸ್ಪತ್ರೆಯ ಲೆಕ್ಕದಲ್ಲಿ ಸೋಂಕು ಸೊನ್ನೆ ಎಂದೇ ಉಳಿಯುತ್ತದೆ. ಈ ಉತ್ತರಗಳನ್ನು ಮಾರ್ಕೆಟಿಂಗ್ ವಿಭಾಗದ ಫೀಡ್‌ಬ್ಯಾಕ್ ಫೈಲಿಗೆ ಸೇರಿಸದೆ, ಅಂದೇ ಸೋಂಕು ನಿಯಂತ್ರಣ ಸಮಿತಿಯ ರಿಜಿಸ್ಟರಿನಲ್ಲಿ ಆಪರೇಷನ್ ತಾರೀಖು, ಥಿಯೇಟರ್ ನಂಬರು, ಆಂಟಿಬಯಾಟಿಕ್ ಕೊಟ್ಟ ಸಮಯದ ಎದುರಿಗೆ ಬರೆದಿಡಬೇಕು.